ಅಸಂಭವ ಚಿತ್ರಗಳನ್ನು ಹುಡುಕುತ್ತಾ: ನನ್ನ ಅನುಭವ

ಕನಸಿನಿಂದ ಎದ್ದು ಬಂದಂತಹ ವಿಲಕ್ಷಣ ಚಿತ್ರವೊಂದನ್ನು ಕಂಡು ಬೆರಗಾಗುವುದು ಸುಲಭ; ಆ ಬೆರಗು ಮರುಗಳಿಗೆಯೇ ಮಾಸಿಹೋಗುವುದೂ ಅಷ್ಟೇ ಸುಲಭ. ವಾಸ್ತವದಲ್ಲಿ ನಡೆಯಲಾರದ್ದನ್ನು ಛಾಯಾಚಿತ್ರದಲ್ಲಿ ನಡೆಸಿ ತೋರಿಸುವ ಕೆಲಸದಲ್ಲಿ ನಾನೇ ತೊಡಗಿದ ಮೇಲೆ, ಈ ಬಗೆಯ ಕಲೆಯನ್ನು ಹುಡುಕಲು ಮತ್ತು ಸಿಕ್ಕಿದ್ದರಲ್ಲಿ ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕೆಂದು ತೀರ್ಮಾನಿಸಲು ಒಂದೇ ಪ್ರಶ್ನೆ ನನಗೆ ನೆರವಾಗುತ್ತಾ ಬಂದಿದೆ: ಈ ಚಿತ್ರ ಲೋಕದ ಯಾವ ನಿಯಮವನ್ನು ಮುರಿದಿದೆ, ಯಾವ ನಿಯಮಗಳನ್ನು ಜತನದಿಂದ ಪಾಲಿಸಿದೆ?

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಬೆಲ್ಜಿಯಂನ ರೆನೆ ಮಾಗ್ರಿಟ್ ಅವರ ‘ಬೆಳಕಿನ ಸಾಮ್ರಾಜ್ಯ’ ಎಂಬ ವರ್ಣಚಿತ್ರ ಸರಣಿಯಿಂದ. ಅದರಲ್ಲಿ ಕೆಳಗೆ ಕತ್ತಲು ಕವಿದ ಬೀದಿ, ಮನೆ, ಉರಿಯುತ್ತಿರುವ ಬೀದಿದೀಪ. ಮೇಲೆ ಬಿಳಿ ಮೋಡಗಳು ತೇಲುವ ಹಗಲಿನ ಆಕಾಶ. ಬೀದಿಯನ್ನಷ್ಟೇ ನೋಡಿದರೆ ಅಲ್ಲಿ ಅಸಹಜವಾದದ್ದೇನೂ ಇಲ್ಲ, ಆಕಾಶವನ್ನಷ್ಟೇ ನೋಡಿದರೂ ಇಲ್ಲ. ಎರಡೂ ಒಂದೇ ಹೊತ್ತಿನಲ್ಲಿ ಇರಲಾರವು ಎಂಬುದೊಂದೇ ಅಲ್ಲಿ ಮುರಿದಿರುವ ನಿಯಮ, ಮತ್ತು ಕುಂಚದ ಕೆಲಸ ಎಷ್ಟು ಶಾಂತವಾಗಿದೆಯೆಂದರೆ ಆ ಒಂದು ಮುರಿತ ಕಣ್ಣಿಗೆ ಬೀಳಲು ಕೆಲವು ಕ್ಷಣಗಳೇ ಬೇಕಾಗುತ್ತವೆ. ಕನಸಿನ ತರ್ಕವನ್ನು ಕಲೆಗೆ ತಂದ ಅತಿವಾಸ್ತವವಾದ (ಸರ್ರಿಯಲಿಸಂ) ಎಂದರೆ ಕಂಡಕಂಡದ್ದನ್ನೆಲ್ಲ ಕಲಸಿ ಇಡುವುದು ಎಂಬ ಕಲ್ಪನೆ ನನ್ನಿಂದ ದೂರವಾದದ್ದು ಈ ಚಿತ್ರದಿಂದಲೇ.

ಅತಿವಾಸ್ತವವಾದದ ಪ್ರಣಾಳಿಕೆಯನ್ನು ಫ್ರಾನ್ಸಿನ ಕವಿ ಆಂದ್ರೆ ಬ್ರೆಟನ್ ಪ್ರಕಟಿಸಿದ್ದು 1924ರಲ್ಲಿ. ಆದರೆ ಹಲವು ನೆಗೆಟಿವ್‌ಗಳನ್ನು, ಅಂದರೆ ಬೆಳಕು ನೆರಳು ಅದಲುಬದಲಾಗಿ ಮೂಡಿದ ಮೂಲಪ್ರತಿಗಳನ್ನು, ಸೇರಿಸಿ ಒಂದೇ ಚಿತ್ರ ಮಾಡುವ ಕಸುಬು ಅದಕ್ಕಿಂತ ಬಹಳ ಹಳೆಯದು. ಛಾಯಾಗ್ರಾಹಕ ಆಸ್ಕರ್ ರೈಲಾಂಡರ್ 1857ರಲ್ಲೇ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ಒಂದು ದೊಡ್ಡ ದೃಶ್ಯವನ್ನು ಕಟ್ಟಿದ್ದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2012ರಲ್ಲಿ ಫೋಟೋಶಾಪ್‌ಗೆ ಮುಂಚಿನ ಇಂತಹ ಛಾಯಾಚಿತ್ರಗಳಿಗೆಂದೇ ಒಂದು ಪ್ರದರ್ಶನವನ್ನು ಏರ್ಪಡಿಸಿತ್ತು.

ಈ ಹಾದಿಯಲ್ಲಿ ನಾನು ಅತಿ ಹೆಚ್ಚು ಕಾಲ ನಿಂತದ್ದು ಅಮೆರಿಕದ ಜೆರ್ರಿ ಯೂಲ್ಸ್‌ಮನ್ ಅವರ ಬಳಿ. ನೀರಿನ ಮೇಲೆ ಬೇರುಸಹಿತ ತೇಲುವ ಮರ, ಚಾವಣಿಯ ಜಾಗದಲ್ಲಿ ಮೋಡ ತುಂಬಿದ ಆಕಾಶವಿರುವ ಓದುಕೋಣೆ, ಇವೆಲ್ಲ ಕಂಪ್ಯೂಟರ್ ಮುಟ್ಟದ ಕಪ್ಪುಬಿಳುಪು ಚಿತ್ರಗಳು. ಅವರು ಫೋಟೋ ಮುದ್ರಿಸುವ ತಮ್ಮ ಕತ್ತಲೆಕೋಣೆಯಲ್ಲಿ (ಡಾರ್ಕ್‌ರೂಮ್) ಹಲವು ಎನ್‌ಲಾರ್ಜರ್‌ಗಳನ್ನು, ಅಂದರೆ ನೆಗೆಟಿವ್‌ನ ಚಿತ್ರವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಯಂತ್ರಗಳನ್ನು, ಸಾಲಾಗಿ ಇಟ್ಟುಕೊಂಡು, ಒಂದೊಂದರಲ್ಲಿ ಒಂದೊಂದು ನೆಗೆಟಿವ್ ಹಾಕಿ, ಒಂದೇ ಕಾಗದವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತಾ, ಬೆಳಕು ಬೀಳಬಾರದ ಭಾಗವನ್ನು ಪ್ರತಿ ಸಲವೂ ಮರೆಮಾಡುತ್ತಾ ಚಿತ್ರವನ್ನು ಮುದ್ರಿಸುತ್ತಿದ್ದರು. ಕ್ಯಾಮೆರಾದ ಗುಂಡಿ ಒತ್ತುವ ಮೊದಲೇ ಅಂತಿಮ ಚಿತ್ರ ಮನಸ್ಸಿನಲ್ಲಿ ಸಿದ್ಧವಾಗಿರಬೇಕೆಂಬುದು ಆ ಕಾಲದ ದೊಡ್ಡ ಛಾಯಾಗ್ರಾಹಕರ ನಂಬಿಕೆಯಾಗಿದ್ದಾಗ, ಚಿತ್ರ ಡಾರ್ಕ್‌ರೂಮಿನಲ್ಲೂ ಹುಟ್ಟಬಹುದು ಎಂದು ಅವರು ಪ್ರತಿಪಾದಿಸಿದರು. 1967ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಏಕವ್ಯಕ್ತಿ ಪ್ರದರ್ಶನ ನಡೆಸಿತು. ಎರಡು ನೆಗೆಟಿವ್‌ಗಳು ಕೂಡುವ ಗಡಿ ಅವರ ಚಿತ್ರಗಳಲ್ಲಿ ಎಲ್ಲಿರಬಹುದೆಂದು ಹುಡುಕುವುದೇ ನನಗೊಂದು ಪಾಠವಾಯಿತು: ನೆರಳು, ಮಂಜು, ನೀರಿನ ಅಂಚು ಮುಂತಾದ, ವಿವರ ತಾನಾಗಿ ಕರಗುವ ಜಾಗಗಳಲ್ಲೇ ಬೆಸುಗೆ ಸುಲಭವಾಗಿ ಅಡಗುತ್ತದೆ.

ಇನ್ನು ಕೆಲವರು ಎಲ್ಲವನ್ನೂ ಕ್ಯಾಮೆರಾದ ಮುಂದೆಯೇ ಕಟ್ಟಿ ನಿಲ್ಲಿಸಿದರು, ಮತ್ತು ನನ್ನ ಮನಸ್ಸಿಗೆ ಹೆಚ್ಚು ಹತ್ತಿರದವರು ಇವರೇ. ಸ್ಯಾಂಡಿ ಸ್ಕೋಗ್ಲಂಡ್ ಅವರ 1980ರ ‘ವಿಕಿರಣಶೀಲ ಬೆಕ್ಕುಗಳು’ ಚಿತ್ರದಲ್ಲಿ ಬೂದುಬಣ್ಣದ ಕೋಣೆಯ ತುಂಬ ಉಜ್ವಲ ಹಸಿರು ಬೆಕ್ಕುಗಳಿವೆ. ಅವು ಕಲಾವಿದೆ ತಮ್ಮ ಕೈಯಾರೆ ಮಾಡಿದ ಪ್ಲಾಸ್ಟರ್ ಶಿಲ್ಪಗಳು, ಕೋಣೆಯೂ ನಿಜವಾಗಿ ಬಣ್ಣ ಬಳಿದ ಕೋಣೆ. ಸ್ಪೇನಿನ ಚೆಮಾ ಮದೋಸ್ ಗೋಡೆಯ ಕನ್ನಡಿಗೆ ಒಂದು ಏಣಿಯನ್ನು ಒರಗಿಸಿ, ಅದು ಕನ್ನಡಿಯೊಳಗೆ ಇಳಿದುಹೋಗುವಂತೆ ತೋರಿಸುತ್ತಾರೆ. ಫ್ರಾನ್ಸಿನ ಗಿಲ್ಬರ್ಟ್ ಗಾರ್ಸಿನ್ ದೀಪಗಳ ವ್ಯಾಪಾರದಿಂದ ನಿವೃತ್ತರಾದ ಮೇಲೆ ಛಾಯಾಗ್ರಹಣಕ್ಕೆ ಇಳಿದವರು. ತಮ್ಮದೇ ಫೋಟೋವನ್ನು ಕತ್ತರಿಸಿ, ಮರಳು, ದಾರ, ಸಣ್ಣಪುಟ್ಟ ವಸ್ತುಗಳ ನಡುವೆ ನಿಲ್ಲಿಸಿ, ಮೇಜಿನಷ್ಟು ಜಾಗದಲ್ಲಿ ವಿಶಾಲವಾದ ಏಕಾಂತ ಲೋಕವನ್ನು ಕಟ್ಟಿದರು.

ಗಾರ್ಸಿನ್ ಅವರ ವಿಧಾನವನ್ನು ಅರಿಯಲು ನಾನೂ ಮೇಜಿನ ಮೇಲೆ ಮರಳು ಹರಡಿ, ಕಾಗದದ ಆಕೃತಿಗಳನ್ನು ನಿಲ್ಲಿಸಿ ಕೆಲಸ ಮಾಡತೊಡಗಿದೆ, ಮತ್ತು ಆಮೇಲೆ ಅವರ ಚಿತ್ರಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ದೀಪ ಹತ್ತಿರವಿದ್ದರೆ ಎರಡು ಆಕೃತಿಗಳ ನೆರಳುಗಳು ಬೇರೆಬೇರೆ ದಿಕ್ಕಿಗೆ ಚಾಚುತ್ತವೆ. ಬಿಸಿಲಿನಲ್ಲಿ ಅವು ಒಂದಕ್ಕೊಂದು ಸಮಾನಾಂತರವಾಗಿರುತ್ತವೆ. ಆದ್ದರಿಂದ ದೀಪವನ್ನು ಆದಷ್ಟು ದೂರಕ್ಕೆ ಒಯ್ಯಬೇಕು. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮುಂದಿನದ್ದು, ಹಿಂದಿನದ್ದು ಮಸುಕಾಗಿ ಆಟಿಕೆಯ ಅಳತೆ ಬಯಲಾಗುತ್ತದೆ. ಅದಕ್ಕೆ ಲೆನ್ಸಿನ ರಂಧ್ರವನ್ನು ಎಫ್/16ರಷ್ಟು ಕಿರಿದಾಗಿಸಿ, ಟ್ರೈಪಾಡ್ ಬಳಸಿ, ಹೆಚ್ಚು ಹೊತ್ತು ಬೆಳಕು ಬಿಡಬೇಕಾಗುತ್ತದೆ. ಕ್ಯಾಮೆರಾ ಆಕೃತಿಯ ಕಣ್ಣಿನ ಮಟ್ಟಕ್ಕೆ ಇಳಿದಾಗ ಮರಳು ಮರುಭೂಮಿಯಾಗುತ್ತದೆ, ಎತ್ತರದಲ್ಲಿದ್ದರೆ ಮೇಜಿನ ಮೇಲಿನ ಮರಳಾಗಿಯೇ ಉಳಿಯುತ್ತದೆ. ಇಷ್ಟನ್ನು ಮಾಡಿ ನೋಡಿದವರಿಗೆ ಬೇರೆಯವರ ಚಿತ್ರದಲ್ಲಿರುವ ಶ್ರಮ ತಾನಾಗಿ ಕಾಣುತ್ತದೆ. ಆದ್ದರಿಂದ ಈ ಕಲೆಯಲ್ಲಿ ಆಸಕ್ತಿಯುಳ್ಳವರು, ಕಲಾವಿದರಾಗುವ ಉದ್ದೇಶವಿಲ್ಲದಿದ್ದರೂ, ಒಂದು ಚಿತ್ರವನ್ನಾದರೂ ಕೈಯಾರೆ ಕಟ್ಟಿ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ.

ಸ್ವೀಡನ್ನಿನ ಎರಿಕ್ ಯೋಹಾನ್ಸನ್ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಜೋಡಿಸುವವರಾದರೂ, ಬೇಕಾದ ಭಾಗಗಳನ್ನು ತಾವೇ ಚಿತ್ರೀಕರಿಸಿ, ಬೆಳಕು ಮತ್ತು ದೃಷ್ಟಿಕೋನ ಎಲ್ಲದರಲ್ಲೂ ಹೊಂದುವಂತೆ ನೋಡಿಕೊಳ್ಳುತ್ತಾರೆ. ಸೂಚನೆ ಕೊಟ್ಟರೆ ಯಂತ್ರವೇ ಚಿತ್ರ ಬರೆದುಕೊಡುವ ಈ ದಿನಗಳಲ್ಲಿ ವಿಲಕ್ಷಣತೆಗೆ ಕೊರತೆಯಿಲ್ಲ. ಆದರೆ ನಾನು ಕಂಡ ಅಂತಹ ಬಹುಪಾಲು ಚಿತ್ರಗಳಲ್ಲಿ ಎಲ್ಲ ನಿಯಮಗಳೂ ಒಟ್ಟಿಗೆ ಸಡಿಲವಾಗಿರುವುದರಿಂದ, ಮುರಿದದ್ದು ಯಾವುದೆಂದು ಹೇಳಲಾಗುವುದಿಲ್ಲ, ಮನಸ್ಸೂ ಅಲ್ಲಿ ನಿಲ್ಲುವುದಿಲ್ಲ.

ಹೊಸ ಹೆಸರುಗಳಿಗಾಗಿ ನಾನು ಮೊರೆಹೋಗುವುದು ದೊಡ್ಡ ಮ್ಯೂಸಿಯಂಗಳು ಅಂತರಜಾಲದಲ್ಲಿ ತೆರೆದಿಟ್ಟಿರುವ ಸಂಗ್ರಹಗಳಿಗೆ. ಅಲ್ಲಿ ಪ್ರತಿ ಕೃತಿಯ ಕೆಳಗೆ ಅದು ಯಾವ ಮಾಧ್ಯಮದ್ದೆಂದು ಒಂದು ಸಾಲು ಇರುತ್ತದೆ. ಅನೇಕರು ದಾಟಿಹೋಗುವ ಆ ಸಾಲೇ ನನಗೆ ಮುಖ್ಯ. ಕಲಾವಿದರ ಹೆಸರಿನ ಬದಲು ‘ಫೋಟೋಮೊಂಟಾಜ್’ (ಹಲವು ಫೋಟೋಗಳನ್ನು ಜೋಡಿಸಿ ಮಾಡಿದ ಚಿತ್ರ) ಎಂದು ಹುಡುಕಿದಾಗ ಸಿಕ್ಕವರು ಛಾಯಾಗ್ರಾಹಕಿ ಗ್ರೆಟೆ ಸ್ಟರ್ನ್. 1948ರಿಂದ 1951ರವರೆಗೆ ಅರ್ಜೆಂಟೀನಾದ ‘ಇಡಿಲಿಯೊ’ ಎಂಬ ಮಹಿಳಾ ಪತ್ರಿಕೆಗೆ ಓದುಗರು ಬರೆದು ಕಳಿಸಿದ ಕನಸುಗಳನ್ನು ಅವರು ಚಿತ್ರವಾಗಿಸಿದರು. ಅವುಗಳಲ್ಲೊಂದರಲ್ಲಿ ಹೆಣ್ಣೊಬ್ಬಳು ಮೇಜುದೀಪದ ಕಂಬವಾಗಿದ್ದಾಳೆ, ಗಂಡಸಿನ ಕೈಯೊಂದು ಸ್ವಿಚ್ಚಿನತ್ತ ಬಂದಿದೆ. ಲಹರಿಯಂತೆ ಕಾಣುವ ಚಿತ್ರ ಎಷ್ಟು ನೇರವಾಗಿ ಮಾತಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಅದೇ ಹುಡುಕಾಟ ಫ್ರಾನ್ಸಿನ ಛಾಯಾಗ್ರಾಹಕಿ ಡೋರಾ ಮಾರ್ ಅವರ 1936ರ ಚಿತ್ರವೊಂದಕ್ಕೂ ಕರೆದೊಯ್ದಿತು: ಕಮಾನು ಚಾವಣಿಯ ಕೈಸಾಲೆಯ ಫೋಟೋವನ್ನು ತಲೆಕೆಳಗು ಮಾಡಿ, ಅದರ ಬಾಗಿದ ಚಾವಣಿಯನ್ನೇ ನೆಲವಾಗಿಸಿ, ಹಿಂದಕ್ಕೆ ಬಾಗಿದ ಬೀದಿಹುಡುಗನೊಬ್ಬನನ್ನು ಅಲ್ಲಿ ನಿಲ್ಲಿಸಿದ್ದಾರೆ. ಅದನ್ನು ಪರದೆಯ ಮೇಲೆ ತಿರುಗಿಸಿ ಹಿಡಿದು ನೋಡಿದರೆ ಕೈಸಾಲೆ ನೇರವಾಗುತ್ತದೆ, ಹುಡುಗ ತಲೆಕೆಳಗಾಗುತ್ತಾನೆ. ಅವರು ಯಾವ ಭಾಗವನ್ನು ಎಲ್ಲಿಂದ ತಂದು ಸೇರಿಸಿದರೆಂದು ತಿಳಿಯಲು ನಾನು ಈಗಲೂ ಹಾಗೆಯೇ ಮಾಡುತ್ತೇನೆ.