ಮಲ್ಪೆಯ ಮರಳಿನಲ್ಲಿ ನಿಂತು ಚಂದ್ರನನ್ನು ಹಿಡಿಯುವುದು

ಹುಣ್ಣಿಮೆಯೆಂದು ಕ್ಯಾಮೆರಾ ಹಿಡಿದು ಓಡಬೇಡಿ. ನಾನು ಮಲ್ಪೆ ಕಡಲತೀರಕ್ಕೆ ಓಡಿದ್ದೆ. ಸಿಕ್ಕಿದ್ದು ಒಂದು ಬಿಳಿ ಇಡ್ಲಿ. ಸುತ್ತಲಿನ ಕತ್ತಲೆಗೆ ಮೋಸಹೋಗಿ ಆಟೋ ಮೋಡ್ ಬೆಳಕನ್ನು ಅತಿಯಾಗಿ ಒಳಬಿಡುತ್ತದೆ. ಆದರೆ ಚಂದ್ರನ ಮೇಲಿರುವುದು ಹಗಲಿನ ಬಿಸಿಲು! ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನ್ಯುಯಲ್ ಮೋಡ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಫ್ 8, ಶಟರ್ (ಬೆಳಕು ಒಳಬರುವ ಅವಧಿ) 1/125 ಸೆಕೆಂಡ್ ಇಟ್ಟು ಆರಂಭಿಸಿ.

ನನಗೆ ಅಚ್ಚುಮೆಚ್ಚು ಶುಕ್ಲಪಕ್ಷದ ಅಷ್ಟಮಿಯ ಆಸುಪಾಸು. ಬೆಳಕು–ಕತ್ತಲೆಯ ಗಡಿಯಲ್ಲಿ ಕುಳಿಗಳ ನೆರಳು ಉದ್ದಕ್ಕೆ ಬೀಳುತ್ತದೆ. ಹುಣ್ಣಿಮೆಯಲ್ಲಿ ಆ ನೆರಳೇ ಕಾಣುವುದಿಲ್ಲ. ಚಿತ್ರವನ್ನು ಕತ್ತರಿಸಿ ಹಿಗ್ಗಿಸುವ ಡಿಜಿಟಲ್ ಜೂಮ್ ಬೇಡವೇ ಬೇಡ, ಲೆನ್ಸೇ ಹತ್ತಿರ ತೋರಿಸುವ ಆಪ್ಟಿಕಲ್ ಸಾಕು. ಟ್ರೈಪಾಡ್ ಇಲ್ಲವೇ? ದಂಡೆಗೆ ಎಳೆದಿಟ್ಟ ದೋಣಿಯ ಅಂಚಿನಲ್ಲಿ ಕುಚ್ಚಲಕ್ಕಿ ತುಂಬಿದ ಬಟ್ಟೆಚೀಲವಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ 2 ಸೆಕೆಂಡ್ ಟೈಮರ್ ಹಾಕುತ್ತೇನೆ. (ಅಕ್ಕಿ ಮರುದಿನ ಗಂಜಿಯಾಗುತ್ತದೆ.)

ತದಿಗೆಯ ಎಳೆಚಂದ್ರ ನಮ್ಮ ಕಡಲಿನ ಮೇಲೆಯೇ ಇಳಿಯುತ್ತಾನೆ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯ ಬಳಿಕ ಜೂಮ್ ತಗ್ಗಿಸಿ, ಐಎಸ್‌ಒ 400ಕ್ಕೆ ಏರಿಸಿ, ಶಟರನ್ನು 1 ಸೆಕೆಂಡಿಗೆ ನಿಧಾನಿಸಿ. ಅವನ ಕತ್ತಲ ಭಾಗವೂ ಭೂಮಿಯಿಂದ ಮರಳಿದ ಬೆಳಕಿನಲ್ಲಿ ಮಸುಕಾಗಿ ಮೂಡುತ್ತದೆ.

ಮನೆಗೆ ಬಂದೊಡನೆ ಉಪ್ಪುಗಾಳಿಯ ತೇವ ಒರೆಸಿ. ನನ್ನ ಮೊದಲ ಕ್ಯಾಮೆರಾದ ಲೆನ್ಸ್ ಒಳಗೆಲ್ಲ ಬೂಷ್ಟು ಹಿಡಿದಿತ್ತು.