ಅರಿಶಿನ, ಕರುಳಿನ ಕ್ಯಾನ್ಸರ್ ಮತ್ತು ಚಿಕ್ಕಪ್ಪನ ಪ್ರಶ್ನೆ

ಪಿಎಚ್‌ಡಿಯ ಎರಡನೇ ವರ್ಷ. ಬಣ್ಣದ ಗಾಢತೆ ಅಳೆಯುವ ಪ್ಲೇಟ್ ರೀಡರ್ ಯಂತ್ರ ಕೊಟ್ಟ ಅಂಕಿಗಳ ಮುಂದೆ ಕೂತು ನನಗೆ ಕೈಕಾಲೇ ಆಡಲಿಲ್ಲ. ಅರಿಶಿನದ ಸತ್ವವಾದ ಕರ್ಕ್ಯುಮಿನ್ ಹೆಚ್ಚಿದಷ್ಟೂ ಕ್ಯಾನ್ಸರ್ ಕೋಶಗಳು ಸಾಯಬೇಕು. 40 ಮೈಕ್ರೋಮೋಲಾರ್‌ವರೆಗೆ (ಇದು ದ್ರಾವಣದ ಸಾಂದ್ರತೆಯ ಅಳತೆ) ಹಾಗೇ ಆಗಿತ್ತು. 80ರಲ್ಲಿ ಮಾತ್ರ ಕೋಶಗಳು ಮತ್ತೆ ಜೀವ ಪಡೆದಿವೆ ಎಂದು ಯಂತ್ರ ಹೇಳುತ್ತಿತ್ತು. ಅದೇ ಪ್ಲೇಟನ್ನು ಮೈಕ್ರೋಸ್ಕೋಪಿನ ಕೆಳಗೆ ನೋಡಿದ್ದೆ. ತಳಕ್ಕೆ ಅಂಟಿಕೊಂಡಿರಬೇಕಾದವು ಸತ್ತು ಮೇಲೆ ತೇಲುತ್ತಿದ್ದವು. ಕಣ್ಣು ನಂಬಬೇಕೋ, ಯಂತ್ರ ನಂಬಬೇಕೋ?

ನಾನು ಬಳಸುತ್ತಿದ್ದದ್ದು ಎಚ್‌ಟಿ-29 ಎಂಬ ಕೋಶಗಳು. 1964ರಲ್ಲಿ 44 ವರ್ಷದ ಮಹಿಳೆಯೊಬ್ಬರ ದೊಡ್ಡಕರುಳಿನ ಗೆಡ್ಡೆಯಿಂದ ತೆಗೆದು ಬೆಳೆಸಿದ ಸಂತತಿ ಅದು. ನಮಗೆ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಬಂದಿತ್ತು. 96 ಕುಳಿಗಳ ಪ್ಲೇಟಿನಲ್ಲಿ ಕೋಶ ಬಿತ್ತಿ, ಮರುದಿನ ಕರ್ಕ್ಯುಮಿನ್ ಹಾಕಿ, 48 ಗಂಟೆ ಬಿಟ್ಟು ಎಂಟಿಟಿ ಎಂಬ ಹಳದಿ ದ್ರಾವಣ ಸೇರಿಸುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆಗೆ ತಿರುಗಿಸುತ್ತದೆ. ನೇರಳೆ ಗಾಢವಾದಷ್ಟೂ ಬದುಕಿದವು ಹೆಚ್ಚು ಎಂಬುದು ಲೆಕ್ಕ.

ಕಾರಣ ಹುಡುಕಲು ಕೋಶವನ್ನೇ ಹಾಕದ ಕುಳಿಗಳಲ್ಲಿ ಬರೀ ಕರ್ಕ್ಯುಮಿನ್ ಮತ್ತು ಎಂಟಿಟಿ ಇಟ್ಟು ನೋಡಿದೆ. ಅಲ್ಲೂ ಬಣ್ಣ ಬಂತು! ಕರ್ಕ್ಯುಮಿನ್ ತಾನೇ ಗಾಢ ಹಳದಿ. ಮೇಲಾಗಿ ಪಾಲಿಫಿನಾಲ್ ಎಂಬ ಇಂಥ ಸಸ್ಯಜನ್ಯ ರಾಸಾಯನಿಕಗಳು ಕೋಶದ ಹಂಗಿಲ್ಲದೆಯೇ ಎಂಟಿಟಿಯ ಬಣ್ಣ ಬದಲಿಸಬಲ್ಲವು. ಅಂದರೆ ಅಷ್ಟು ದಿನ ನಾನು ಅಳೆದದ್ದರಲ್ಲಿ ಒಂದು ಪಾಲು ಔಷಧದ ಬಣ್ಣವನ್ನೇ. ನಾಲ್ಕು ತಿಂಗಳ ಕೆಲಸ ಮೊದಲಿಂದ ಮಾಡಿದೆ. ಎಂಟಿಟಿ ಹಾಕುವ ಮೊದಲು ಎರಡು ಬಾರಿ ತೊಳೆಯುವುದು, ಪ್ರತಿ ಪ್ರಮಾಣಕ್ಕೂ ಕೋಶವಿಲ್ಲದ ಕುಳಿ ಇಡುವುದು, ಅದೂ ಸಾಲದೆಂದು ಸತ್ತ ಕೋಶಕ್ಕೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಕೈಯಿಂದಲೇ ಎಣಿಸುವುದು. ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಆ ಖಾಲಿ ಕುಳಿಗಳ ವಿಷಯವನ್ನೇ. ಹಸಿರಾಗಿ ಹೊಳೆಯುವ ಗುಣವೂ ಕರ್ಕ್ಯುಮಿನ್‌ಗಿದೆ. ಹಾಗಾಗಿ ಕೋಶಗಳನ್ನು ಒಂದೊಂದಾಗಿ ಬೆಳಕಿಗೊಡ್ಡಿ ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ಹಸಿರು ಬಣ್ಣದ ಗುರುತು ಬಳಸಿದರೆ ಅಲ್ಲೂ ಮೋಸ ಹೋಗುತ್ತೀರಿ.

ಇನ್ನೊಂದು ಪಾಠ ಅದರ ಬಾಳಿಕೆಯದು. ಸೀರಮ್ (ರಕ್ತದ ತಿಳಿ) ಇಲ್ಲದ ದ್ರಾವಣದಲ್ಲಿ, ದೇಹದ ಶಾಖ ಮತ್ತು ದೇಹದ ಪಿಎಚ್‌ನಲ್ಲಿ, ಅರ್ಧ ಗಂಟೆಯೊಳಗೆ ನೂರಕ್ಕೆ ಸುಮಾರು 90 ಭಾಗ ಕರ್ಕ್ಯುಮಿನ್ ಒಡೆದುಹೋಗುತ್ತದೆ. ಸೀರಮ್ ಇದ್ದರೆ ಕೆಲವು ಗಂಟೆ ತಡೆದೀತು. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಟ್ಯೂಬಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಮಂದ ಬೆಳಕಿನಲ್ಲಿ ಕೆಲಸ ಮಾಡಿ, ಆಯಾ ದಿನದ ದ್ರಾವಣವನ್ನು ಆಯಾ ದಿನವೇ ಮಾಡುತ್ತಿದ್ದೆ. ಇಷ್ಟೆಲ್ಲ ತಿದ್ದಿಕೊಂಡ ಮೇಲೂ ಕರ್ಕ್ಯುಮಿನ್ ಕ್ಯಾನ್ಸರ್ ಕೋಶಗಳನ್ನು ಕೊಂದೇ ಕೊಂದಿತು. ನನ್ನ ಕೈಯಲ್ಲಿ ಸುಮಾರು 20 ಮೈಕ್ರೋಮೋಲಾರ್‌ಗೆ ಅರ್ಧದಷ್ಟು. ಅವತ್ತು ಹಾಸ್ಟೆಲಿಗೆ ಬಂದು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ಅಮ್ಮ ಅದನ್ನು ಎಲ್ಲರಿಗೂ ಹೇಳಿದ್ದಳು ಅನ್ನುವುದು ಗೊತ್ತಾದದ್ದು ಮುಂದಿನ ವರ್ಷ, ತೀರ್ಥಹಳ್ಳಿಯ ಚಿಕ್ಕಪ್ಪನಿಗೆ ದೊಡ್ಡಕರುಳಿನ ಕ್ಯಾನ್ಸರ್ ಬಂದಾಗ. ಆಪರೇಷನ್ ಆಗಿತ್ತು. ಹತ್ತಿರದ ದುಗ್ಧರಸ ಗ್ರಂಥಿಗಳಿಗೂ ಹಬ್ಬಿದ್ದರಿಂದ ಎಂಟು ಸೈಕಲ್ ಕೀಮೋ ಬೇಕು ಎಂದಿದ್ದರು. ಚಿಕ್ಕಪ್ಪ ಫೋನ್ ಮಾಡಿ ಕೇಳಿದರು, "ಪುಟ್ಟೀ, ನೀನೇ ಅರಿಶಿನದಲ್ಲಿ ಕ್ಯಾನ್ಸರ್ ಸಾಯಿಸಿದ್ದೀಯಂತಲ್ಲೇ. ಹಾಗಾದ್ರೆ ಈ ಕೀಮೋ ಯಾಕೆ ಬೇಕು ನಂಗೆ?" ಕರ್ಕ್ಯುಮಿನ್ ಮಾತ್ರೆಯ ಡಬ್ಬಿಯನ್ನೂ ತರಿಸಿ ಇಟ್ಟುಕೊಂಡಿದ್ದರು.

ಆ ರಾತ್ರಿ ನಾನು ಮನುಷ್ಯರ ಮೇಲೆ ನಡೆದ ಅಧ್ಯಯನಗಳನ್ನು ಬೇರೆಯೇ ಕಣ್ಣಿನಿಂದ ಓದಿದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ಕೀಮೋಗೆ ಬಗ್ಗದ ಕರುಳಿನ ಕ್ಯಾನ್ಸರ್ ಇದ್ದ 15 ಜನರಿಗೆ ಕರ್ಕ್ಯುಮಿನ್ ಕೊಟ್ಟಿದ್ದರು. ವರದಿ ಬಂದದ್ದು 2004ರಲ್ಲಿ. ದಿನಕ್ಕೆ 3.6 ಗ್ರಾಂ ತೆಗೆದುಕೊಂಡವರ ರಕ್ತದಲ್ಲಿ ಸಿಕ್ಕಿದ್ದು ಸುಮಾರು 11 ನ್ಯಾನೋಮೋಲಾರ್ (ಸಾವಿರ ನ್ಯಾನೋಮೋಲಾರ್ ಸೇರಿದರೆ ಒಂದು ಮೈಕ್ರೋಮೋಲಾರ್). ನನ್ನ ಪ್ಲೇಟಿನ 20 ಮೈಕ್ರೋಮೋಲಾರ್ ಅದರ 1,800 ಪಟ್ಟು! ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲಿನ ಆಸುಪಾಸು. 3.6 ಗ್ರಾಂ ಬೇಕೆಂದರೆ ದಿನಕ್ಕೆ 120 ಗ್ರಾಂ ಅರಿಶಿನ ತಿನ್ನಬೇಕು. ನಮ್ಮ ಸಾರಿಗೆ ಬೀಳುವುದು ಒಂದು ಚಿಟಿಕೆ.

ಆದರೂ ಕರುಳಿನ ವಿಷಯ ಬೇರೆ. ರಕ್ತಕ್ಕೆ ಸೇರದ ಕರ್ಕ್ಯುಮಿನ್ ಕರುಳಿನಲ್ಲೇ ಉಳಿದು ಕೆಳಗಿಳಿಯುತ್ತದಲ್ಲ? ಅದೇ ಊರಿನವರು 2005ರಲ್ಲಿ 12 ರೋಗಿಗಳಿಗೆ ಆಪರೇಷನ್ನಿಗೆ ಮುನ್ನ ಏಳು ದಿನ ಮಾತ್ರೆ ಕೊಟ್ಟು, ಕತ್ತರಿಸಿ ತೆಗೆದ ಅಂಗಾಂಶದಲ್ಲಿ ಅಳೆದಿದ್ದರು. 3.6 ಗ್ರಾಂ ತೆಗೆದುಕೊಂಡವರ ಗೆಡ್ಡೆಯಲ್ಲಿ ಗ್ರಾಂಗೆ ಸುಮಾರು 7.7 ನ್ಯಾನೋಮೋಲ್ ಇತ್ತು. ದ್ರಾವಣದ ಲೆಕ್ಕಕ್ಕೆ ತಂದರೆ ಸುಮಾರು 8 ಮೈಕ್ರೋಮೋಲಾರ್; ನನ್ನ ಪ್ಲೇಟಿನ ಪ್ರಮಾಣಕ್ಕೆ ಇದು ಎಷ್ಟೋ ಹತ್ತಿರ. ಈ ಸಾಲು ಓದಿದಾಗ ಎದೆ ಹಗುರಾಯಿತು, ನಿಜ. ಆದರೆ ಕ್ಯಾನ್ಸರ್ ಯಕೃತ್ತಿಗೆ ಹರಡಿದವರಲ್ಲಿ ಅದೇ ತಂಡ ನೋಡಿದಾಗ ಯಕೃತ್ತಿನಲ್ಲಿ ಕರ್ಕ್ಯುಮಿನ್ ಸಿಕ್ಕಿರಲಿಲ್ಲ. ಚಿಕ್ಕಪ್ಪನ ಗೆಡ್ಡೆ ಹೇಗೂ ಹೊರಗೆ ಹೋಗಿತ್ತು. ಕೀಮೋ ಕೊಡುವುದು ಎಲ್ಲೆಲ್ಲೋ ಅಡಗಿರಬಹುದಾದ, ಕಣ್ಣಿಗೆ ಬೀಳದ ಕೋಶಗಳಿಗಾಗಿ. ಅಲ್ಲಿಗೆ ಹೋಗಲು ರಕ್ತವೇ ದಾರಿ. ಆ ದಾರಿಯಲ್ಲೇ ಕರ್ಕ್ಯುಮಿನ್ ಸೋಲುತ್ತದೆ.

ಕ್ಯಾನ್ಸರ್ ಬಾರದಂತೆ ತಡೆಯುವ ಮಾತಿನಲ್ಲೂ ಉತ್ತರ ಒಂದೇ ರೀತಿ ಇಲ್ಲ. 2011ರ ಒಂದು ಅಧ್ಯಯನದಲ್ಲಿ ಧೂಮಪಾನಿಗಳು ತಿಂಗಳು ಕಾಲ ದಿನಕ್ಕೆ 4 ಗ್ರಾಂ ತೆಗೆದುಕೊಂಡಾಗ ಕರುಳಿನ ಆರಂಭಿಕ ವಿಕೃತ ಕಲೆಗಳು ನೂರಕ್ಕೆ 40 ಭಾಗ ಕಡಿಮೆಯಾಗಿದ್ದವು. 2 ಗ್ರಾಂ ತೆಗೆದುಕೊಂಡವರಲ್ಲಿ ಏನೂ ಆಗಲಿಲ್ಲ. ವಂಶವಾಹಿಯಿಂದ ಕರುಳಿನ ತುಂಬ ಪಾಲಿಪ್ ಎಂಬ ಸಣ್ಣ ಗಂಟುಗಳು ಬರುವ ಐವರಲ್ಲಿ 2006ರಲ್ಲಿ ಕರ್ಕ್ಯುಮಿನ್ ಮತ್ತು ಕ್ವೆರ್ಸೆಟಿನ್ ಎಂಬ ಇನ್ನೊಂದು ಸಸ್ಯಸತ್ವ ಸೇರಿ ಪಾಲಿಪ್‌ಗಳನ್ನು ಕುಗ್ಗಿಸಿದ್ದವು. 2018ರಲ್ಲಿ ಅಂಥ 44 ಜನರಿಗೆ ಒಂದು ವರ್ಷ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದರೆ ವ್ಯತ್ಯಾಸವೇ ಇಲ್ಲ. ಮೊದಲ ಐವರ ಕಥೆಯನ್ನು ಎಲ್ಲರೂ ಹಂಚುತ್ತಾರೆ, ಎರಡನೆಯದನ್ನು ಯಾರೂ ಹಂಚುವುದಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಬೆಳಿಗ್ಗೆ ಫೋನ್ ಮಾಡಿ ಡಬ್ಬಿಯ ಮೇಲೆ ಬರೆದದ್ದನ್ನು ಓದಿಸಿದೆ. ಕರಿಮೆಣಸಿನ ಪೈಪರಿನ್ ಇತ್ತು. 20 ಮಿಲಿಗ್ರಾಂ ಪೈಪರಿನ್ ಜತೆ ಕೊಟ್ಟರೆ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಹಲವು ಪಟ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಆದರೆ ಪೈಪರಿನ್ ಅದನ್ನು ಸಾಧಿಸುವುದು ಔಷಧಗಳನ್ನು ಒಡೆದು ಹೊರಹಾಕುವ ದೇಹದ ವ್ಯವಸ್ಥೆಗೆ ತಡೆಯೊಡ್ಡಿ. ಕರ್ಕ್ಯುಮಿನ್‌ಗೆ ಆದ ತಡೆ ಬೇರೆ ಔಷಧಕ್ಕೂ ಆಗಬಹುದು. "ಚಿಕ್ಕಪ್ಪಾ, ನಾನು ಸಾಯಿಸಿದ್ದು ಪ್ಲಾಸ್ಟಿಕ್ ತಟ್ಟೆಯಲ್ಲಿದ್ದದ್ದನ್ನ. ನಿಮ್ಮ ಮೈಯಲ್ಲಿರೋದಕ್ಕೆ ಅದು ತಲುಪೋದೇ ಇಲ್ಲ. ಕೀಮೋ ಬಿಡಬೇಡಿ. ಆ ಡಬ್ಬಿ ಡಾಕ್ಟರಿಗೆ ತೋರಿಸಿ" ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಡಾಕ್ಟರು ಕೀಮೋ ಮುಗಿಯುವವರೆಗೆ ಮಾತ್ರೆ ಬೇಡ, ಅಡುಗೆಯ ಅರಿಶಿನ ಎಂದಿನಂತೆ ಇರಲಿ ಎಂದರಂತೆ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧ ಹೋದ ದಿನಗಳಲ್ಲಿ ತಣ್ಣೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಚಿಕ್ಕಮ್ಮ ಕೈತೊಳೆಯಲೂ ಬಿಸಿನೀರು ಇಡುತ್ತಿದ್ದರು. ಎಂಟನೆಯ ಸೈಕಲ್ ಮುಗಿಸಿ ಮನೆಗೆ ಬಂದ ದಿನ ಚಿಕ್ಕಪ್ಪ ಮತ್ತೆ ಫೋನ್ ಮಾಡಿದರು. "ಆ ಖಾಲಿ ಕುಳಿಯದ್ದೊಂದು ಕಥೆ ಹೇಳಿದ್ಯಲ್ಲ, ಇನ್ನೊಂದ್ಸಲ ಹೇಳೇ" ಎಂದರು.