ಬಿರುಬೇಸಿಗೆಯಲ್ಲಿ ಮನೆಯೊಳಗೇ ಕಡ್ಡಿಗೆ ಬೇರು ಬರಿಸುವ ವಿಧಾನ

ಏಪ್ರಿಲ್‌, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದರಿಂದ, ಅಂಗಳದಲ್ಲಿ ನೆಟ್ಟ ಬೇರಿಲ್ಲದ ಕಡ್ಡಿಯು ತಾನು ಹೀರುವುದಕ್ಕಿಂತ ಹೆಚ್ಚು ನೀರನ್ನು ಎಲೆಗಳ ಮೂಲಕ ಕಳೆದುಕೊಂಡು ಬಾಡಿಹೋಗುತ್ತದೆ. ಮನೆಯೊಳಗಿನ ತಂಪಾದ ಕೋಣೆಯಲ್ಲಿ, ಸಾಧಾರಣ ಎಲ್‌ಇಡಿ ಟ್ಯೂಬ್‌ಲೈಟಿನ ಕೆಳಗೆ ಈ ಕೆಲಸ ಚೆನ್ನಾಗಿ ಸಾಗುತ್ತದೆ.

ತುಳಸಿ ಅಥವಾ ದಾಸವಾಳದ ಆರೋಗ್ಯವಂತ ಟೊಂಗೆಯಿಂದ 10ರಿಂದ 15 ಸೆಂ.ಮೀ. ಉದ್ದದ ಕಡ್ಡಿಯನ್ನು ಗಿಣ್ಣಿನ (ಎಲೆ ಹುಟ್ಟುವ ಗಂಟಿನ) ತುಸು ಕೆಳಗೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ, ತುದಿಯ ಎರಡು ಮೂರು ಎಲೆಗಳನ್ನಷ್ಟೇ ಉಳಿಸಿ, ಮೊಗ್ಗುಗಳನ್ನು ತಪ್ಪದೆ ಚಿವುಟಬೇಕು. ನಮ್ಮ ಎರೆಮಣ್ಣು ಹತ್ತಿಗೆ ಎಷ್ಟೇ ಒಳ್ಳೆಯದಾದರೂ ಇಲ್ಲಿ ಖಂಡಿತ ಬೇಡ. ಅದು ನೀರನ್ನು ಹಿಡಿದಿಟ್ಟುಕೊಂಡು ಗಾಳಿಯಾಡಲು ಬಿಡದ ಕಾರಣ ಕಡ್ಡಿಯ ಬುಡ ಕಪ್ಪಾಗಿ, ಮೆತ್ತಗಾಗಿ ಕೊಳೆಯುತ್ತದೆ. ತೊಳೆದ ಮರಳನ್ನೂ ಕೋಕೋಪೀಟನ್ನೂ (ತೆಂಗಿನ ನಾರಿನ ಪುಡಿ) ಸಮಪಾಲಿನಲ್ಲಿ ಬೆರೆಸಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಜಿನುಗುವಷ್ಟು ತೇವ ಮಾಡಿಕೊಂಡು, ಒಂದಾದರೂ ಗಿಣ್ಣು ಒಳಗಿರುವಂತೆ ಕಡ್ಡಿಯನ್ನು ನೆಡಬೇಕು.

ಕುಂಡಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿ, ದೀಪದಿಂದ ಸುಮಾರು ಒಂದು ಅಡಿ ಕೆಳಗಿರಿಸಿ, ದಿನಕ್ಕೆ 14ರಿಂದ 16 ಗಂಟೆ ಬೆಳಕು ಕೊಡಬೇಕು. ಎಲೆ ಬಿಳಿಚಿಕೊಂಡರೆ ಕುಂಡವನ್ನು ದೂರ ಸರಿಸಬೇಕು. ದಿನಕ್ಕೊಮ್ಮೆ ಚೀಲವನ್ನು ತುಸು ಹೊತ್ತು ತೆರೆದರೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.

ತುಳಸಿಗೆ ಸಾಮಾನ್ಯವಾಗಿ ಎರಡು ವಾರ ಸಾಕು, ದಾಸವಾಳಕ್ಕೆ ತಿಂಗಳಿಗೂ ಹೆಚ್ಚು ಬೇಕಾಗಬಹುದು. ಹಗುರವಾಗಿ ಎಳೆದಾಗ ಕಡ್ಡಿ ಬಿಗಿಯಾಗಿ ನಿಂತರೆ ಬೇರು ಬಂದಿದೆ ಎಂದು ತಿಳಿದು, ಒಂದು ವಾರದಲ್ಲಿ ಚೀಲವನ್ನು ಹಂತಹಂತವಾಗಿ ತೆಗೆದು ದೊಡ್ಡ ಕುಂಡಕ್ಕೆ ಬದಲಾಯಿಸಬಹುದು. ಅಂಗಳಕ್ಕೆ ಒಯ್ಯಲು ಮಾತ್ರ ಮಳೆಗಾಲದವರೆಗೆ ಕಾಯಿರಿ.